ಹಿಂದಿನ ಬೆಂಚಿನಲ್ಲಿ ಕೂರುವವರು ಯಾರು?

ಮೊಳಕಾಲ್ಮುರು ಟ್ರೈನಿ: ಬಿ.ಎಡ್. ಎರಡನೇ ವರ್ಷ, 16 ವಾರದ ಇಂಟರ್ನ್‌ಶಿಪ್ ನಡೀತಿದೆ. ಶಾಲೆ ಮೊಳಕಾಲ್ಮುರು ಕಡೆ, ಕಾಲೇಜು ದಾವಣಗೆರೆ. ಲೆಕ್ಚರರ್ ಬಂದು ಪಾಠ ನೋಡಿದ್ದು ಒಂದೇ ಸಲ. ಈಗ ನಾನು ಫೋನಲ್ಲಿ ತೆಗೆದು ಕಳಿಸಿದ ಪಾಠದ ವಿಡಿಯೊವನ್ನು ಅವರು ಎಚ್‌5ಪಿಯಲ್ಲಿ (ವಿಡಿಯೊಗೆ ಪ್ರಶ್ನೆ ಸೇರಿಸುವ ಸಾಫ್ಟ್‌ವೇರ್) ಹಾಕಿ, ನಡುನಡುವೆ ಪ್ರಶ್ನೆ ಸೇರಿಸಿ ವಾಪಸ್ ಕಳಿಸುತ್ತಾರೆ. ಪ್ರಶ್ನೆ ಬಂದಲ್ಲಿ ವಿಡಿಯೊ ತಾನಾಗೇ ನಿಲ್ಲುತ್ತದೆ. ನನಗಂತೂ ತುಂಬಾ ಉಪಯೋಗ ಆಗಿದೆ. ನೀವೇನಂತೀರಿ?

ದಾವಣಗೆರೆ ನಿವೃತ್ತ ಮೇಷ್ಟ್ರು: ನಾನು ಒಪ್ಪಲ್ಲ ಕಣಮ್ಮ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದೇ ಬೇರೆ. ಫೋನು ಬೋರ್ಡ್ ತೋರಿಸುತ್ತದೆ, ಸರಿ. ಕೊನೇ ಸಾಲಿನ ಹುಡುಗ ನೋಟ್ಸಿನ ಹಿಂದಿನ ಹಾಳೆಯಲ್ಲಿ ಏನು ಗೀಚುತ್ತಿದ್ದಾನೆ ಅಂತ ತೋರಿಸುತ್ತದಾ? ಇದೇ ಸಾಕು ಅಂದುಬಿಟ್ಟರೆ ನಾಳೆ ಕಾಲೇಜಿನವರು ನಿಮ್ಮೂರಿನ ಬಸ್ ಹತ್ತುವುದನ್ನೇ ಬಿಡುತ್ತಾರೆ.

ಮೊಳಕಾಲ್ಮುರು ಟ್ರೈನಿ: ಆ ಭಯ ನನಗೂ ಇದೆ ಸರ್. ಆದರೆ ಕೇಳಿ. ಎಂಟನೇ ತರಗತಿಗೆ ಬೀಜೋಕ್ತಿ ಮಾಡುವಾಗ "ಮೈನಸ್ ಇಂಟು ಮೈನಸ್ ಏನಾಗುತ್ತೆ?" ಅಂದೆ. ಮಕ್ಕಳು ಬಾಯಿ ತೆರೆಯುವ ಮೊದಲೇ "ಪ್ಲಸ್, ಅಲ್ವಾ?" ಅಂತ ನಾನೇ ಹೇಳಿದೆ. "ಹೌದು ಮಿಸ್" ಅಂತ ಇಡೀ ಕ್ಲಾಸ್ ಕೂಗಿತು. ಪಾಠ ಚೆನ್ನಾಗಾಯ್ತು ಅಂತ ಖುಷಿಯಲ್ಲಿದ್ದೆ. ವಿಡಿಯೊ ಸರಿಯಾಗಿ ಅಲ್ಲೇ ನಿಂತು "ಇಲ್ಲಿ ಉತ್ತರ ಕೊಟ್ಟಿದ್ದು ಯಾರು?" ಅಂತ ಕೇಳಿತು. ಮೂರು ಸಲ ಹಿಂದಕ್ಕೆ ಎಳೆದು ನೋಡಿದೆ. ಅಳು ಬಂತು.

ಜಗಳೂರು ಮೇಡಂ: ಅಳಬೇಡಮ್ಮ, ಎಲ್ಲರೂ ಮಾಡುವುದೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ತೋರಿಸಿದ್ದರು: ಶಿಕ್ಷಕರು ಪ್ರಶ್ನೆ ಕೇಳಿ ಒಂದು ಸೆಕೆಂಡ್ ಅಷ್ಟೇ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ನೆ ಕೂರುವವರೂ ಮಾತಾಡುತ್ತಾರೆ. ನಾನು ಟ್ರೈನಿಗಳಿಗೆ ಗೈಡ್ ಟೀಚರ್. ಮೇಷ್ಟ್ರೇ, ನನಗೂ ದಿನಾ ಹಿಂದೆ ಕೂರೋಕೆ ಆಗಲ್ಲ, ನನ್ನದೇ ಪೀರಿಯಡ್ ಇರುತ್ತವೆ. ಆದರೆ ಪ್ರಶ್ನೆ ಬರೆಯುವವರು ಪೂರ್ತಿ ಪಾಠ ನೋಡಿ ಬರೆಯಬೇಕು. ಬರೀ ಸರಿ-ತಪ್ಪು ಟಿಕ್ ಮಾಡಿಸುವ ಕ್ವಿಜ್ ಆದರೆ ಅದು ಹಾಜರಾತಿ ಅಷ್ಟೇ.

ಹೊಸದುರ್ಗದ ಅಪ್ಪ: ನಾನು ಶಿಕ್ಷಕ ಅಲ್ಲ, ಮಗಳು ಎಂಟನೇ ಕ್ಲಾಸು. ಅವಳು ತಪ್ಪು ಉತ್ತರ ಹೇಳುವ ವಿಡಿಯೊ ಯಾರ್ಯಾರ ಫೋನಿಗೆ ಹೋಗುತ್ತದೆ? ನಮ್ಮನ್ನು ಯಾರೂ ಕೇಳಲ್ವಲ್ಲ.

ಜಗಳೂರು ಮೇಡಂ: ನೂರಕ್ಕೆ ನೂರು ಸರಿ ಸರ್. ಮೊದಲು ಪೋಷಕರ ಒಪ್ಪಿಗೆ ಬೇಕು, ಕ್ಯಾಮೆರಾ ಟ್ರೈನಿ ಕಡೆಗೇ ಇರಬೇಕು. ಪ್ರಶ್ನೆ ಕೇಳುವ ರೀತಿ ತಿದ್ದಿಕೊಳ್ಳೋಕೆ ಟ್ರೈನಿಯ ದನಿ ಸಾಕು.

ದಾವಣಗೆರೆ ನಿವೃತ್ತ ಮೇಷ್ಟ್ರು: ದನಿಯಲ್ಲಿ ಎಷ್ಟು ಹೊತ್ತು ಕಾದಳು ಅನ್ನುವುದು ಗೊತ್ತಾಗುತ್ತದೆ, ಅದನ್ನು ಒಪ್ಪುತ್ತೇನೆ. ಮಗು ಯಾಕೆ ಸುಮ್ಮನಿದೆ ಅನ್ನುವುದು ಗೊತ್ತಾಗಲ್ಲ. ಅದಕ್ಕೆ ಯಾರಾದರೂ ಹೋಗಲೇಬೇಕು. 16 ವಾರದಲ್ಲಿ ಒಂದು ಸಲ ಅಂದರೆ ಅನ್ಯಾಯ.

ಮೊಳಕಾಲ್ಮುರು ಟ್ರೈನಿ: ಹೌದು ಸರ್. ಮೇಡಂ, ಗುರುವಾರ ಅದೇ ಪಾಠ ಬಿ ಸೆಕ್ಷನ್‌ಗೆ ಇದೆ. ಕಾಲರ್ ಮೈಕ್ ಹಾಕಿಕೊಂಡು ನನ್ನ ದನಿ ಮಾತ್ರ ರೆಕಾರ್ಡ್ ಮಾಡುತ್ತೇನೆ. ಕಳಿಸಿದರೆ ಕೇಳುತ್ತೀರಾ?

ಜಗಳೂರು ಮೇಡಂ: ಕಳಿಸಮ್ಮ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸು, ಆಮೇಲೆ ಮಾತಾಡು.