‘ಪೋಷಕ ನಟ’ ಎಂದರೆ ಸಾಕೇ? ಟೆಯೊ ಲಿಂಗೆನ್ ಅವರಿಗೆ ಒಪ್ಪುವ ಪದ

ಜರ್ಮನ್ ನಟ ಟೆಯೊ ಲಿಂಗೆನ್ (1903–1978) ಅವರ ಕುರಿತು ಪರಿಚಯ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದು ಬಗೆಹರಿದಿಲ್ಲ. ‘ಹಾಸ್ಯನಟ’ ಎಂದರೆ ಅರ್ಧ ಹೇಳಿದಂತಾಗುತ್ತದೆ. ‘ಪೋಷಕ ನಟ’ ಎಂದರೆ ರಾಜ್ಯ ಪ್ರಶಸ್ತಿಯ ವಿಭಾಗ ನೆನಪಾಗುತ್ತದೆಯೇ ಹೊರತು ನಗು ಬರುವುದಿಲ್ಲ.

ಗಾತ್ರದಲ್ಲಿ ಚಿಕ್ಕದಾದರೂ ದಪ್ಪ ಗೆರೆಗಳಲ್ಲಿ ಬರೆದಂತಿರುವ ಪಾತ್ರವನ್ನು ಜರ್ಮನ್ ರಂಗಭೂಮಿಯವರು ‘ಶಾರ್ಜೆ’ ಎನ್ನುತ್ತಾರೆ. ಅಂಥ ಪಾತ್ರಗಳಿಗೇ ಹೆಸರಾದವನು ‘ಶಾರ್ಜೆನ್‌ಶ್ಪೀಲರ್’. ಪದ ಫ್ರೆಂಚಿನಿಂದ ಬಂದದ್ದು. ಇದರ ಕ್ರಿಯಾಪದ ‘ಶಾರ್ಜೀರೆನ್’ ಮಾತ್ರ ಆಕ್ಷೇಪದ ಮಾತು; ಅಳತೆ ಮೀರಿ ಅಭಿನಯಿಸುವುದು ಎಂದು ಅದರ ಅರ್ಥ.

ಲಿಂಗೆನ್ ಈ ಎರಡು ಅರ್ಥಗಳ ನಡುವಿನ ಗಡಿಯಲ್ಲೇ ಬಾಳು ಕಳೆದವರು. ಬರ್ಲಿನ್ ರಂಗಭೂಮಿಯಲ್ಲಿ ಬ್ರೆಕ್ಟ್ ನಾಟಕಗಳಲ್ಲಿ ದುಡಿದು, 1931ರಲ್ಲಿ ಫ್ರಿಟ್ಸ್ ಲಾಂಗ್ ಅವರ ‘ಎಂ’ ಚಿತ್ರದಲ್ಲಿ ಪಾತಕಿಗಳ ಗುಂಪಿನ ಒಬ್ಬ ಮೋಸಗಾರನಾಗಿ ಕಾಣಿಸಿಕೊಂಡ ಈ ನಟ, ಮುಂದಿನ ದಶಕಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಮಟ್ಟಿಗೆ ಸೇವಕ, ಗುಮಾಸ್ತ, ಅಧಿಕಾರಿ ಇಂಥ ವೇಷಗಳನ್ನೇ ಕಟ್ಟಿದರು. 1942ರ ‘ವೀನರ್ ಬ್ಲೂಟ್’ ಚಿತ್ರವನ್ನು ನೋಡಿದರೆ ಅವರ ಕಸುಬು ತಿಳಿಯುತ್ತದೆ. ಅಲ್ಲಿ ಲಿಂಗೆನ್ ಮತ್ತು ಹಾನ್ಸ್ ಮೋಸರ್ ಇಬ್ಬರೂ ಸೇವಕರೇ. ಲಿಂಗೆನ್ ಬೆನ್ನು ಬಾಗಿಸದೆ ಮೂಗಿನಲ್ಲಿ ಶಿಷ್ಟ ಜರ್ಮನ್ ಉಲಿಯುತ್ತಾರೆ, ಮೋಸರ್ ವಿಯೆನ್ನಾದ ಆಡುಮಾತನ್ನು ಬಾಯೊಳಗೇ ನುಂಗುತ್ತಾರೆ. ನಗು ಹುಟ್ಟುವುದು ಕಥೆಯಿಂದಲ್ಲ, ಈ ಎರಡು ಉಚ್ಚಾರಗಳ ತಿಕ್ಕಾಟದಿಂದ. (ತೆರೆಯ ಮೇಲೆ ಹಗುರಾಗಿದ್ದ ಈ ಮನುಷ್ಯನ ಹೆಂಡತಿ ಮರಿಯಾನೆ ಟ್ಸೋಫ್ ಯಹೂದಿ ಮೂಲದವರು, ನಾಜಿ ಆಡಳಿತದಲ್ಲಿ ವಿಶೇಷ ಅನುಮತಿಯ ಬಲದ ಮೇಲೆ ಮಾತ್ರ ಲಿಂಗೆನ್ ನಟಿಸುತ್ತಿದ್ದರು.) ಯುದ್ಧಾನಂತರ ಆಸ್ಟ್ರಿಯಾದ ಪೌರತ್ವ ಪಡೆದು ವಿಯೆನ್ನಾದ ನಾಟಕಶಾಲೆ ಬುರ್ಗ್‌ಥಿಯೇಟರ್ ಸೇರಿದರು. 1968ರಿಂದ ಬಂದ ಶಾಲಾ ಹಾಸ್ಯಚಿತ್ರಗಳ ಸರಣಿಯಲ್ಲಿ ಮುಖ್ಯೋಪಾಧ್ಯಾಯ ಟಾಫ್ಟ್ ಆದರು; 1970ರ ದಶಕದಲ್ಲಿ ಟಿವಿಯಲ್ಲಿ ಲಾರೆಲ್ ಮತ್ತು ಹಾರ್ಡಿ ಚಿತ್ರಗಳಿಗೆ ಮುನ್ನುಡಿ ಹೇಳುತ್ತಿದ್ದರು.

ಈಗ ನಮ್ಮ ಪದಗಳಿಗೆ ಬರೋಣ. ‘ಚರಿತ್ರನಟ’ ಎಂಬುದು ಹಿಂದಿಯ ನೆರಳು. ಓದುಗರು ಐತಿಹಾಸಿಕ ಪಾತ್ರಗಳ ನಟನೆಂದು ತಿಳಿದಾರು. ‘ಗುಣಚಿತ್ರ ನಟ’ ತಮಿಳಿನ ಕಡೆಯದು. ಗಾಂಧಿನಗರದವರು ಸಲೀಸಾಗಿ ‘ಕ್ಯಾರೆಕ್ಟರ್ ಆರ್ಟಿಸ್ಟ್’ ಎನ್ನುತ್ತಾರೆ, ಆದರೆ ಅದರಲ್ಲಿ ಅಳುಮುಖದ ತಂದೆಯ ಪಾತ್ರಧಾರಿಯೂ ಸೇರುತ್ತಾನೆ. ಖಳತನವನ್ನೂ ನಗುವನ್ನೂ ಒಂದೇ ಮುಖದಲ್ಲಿ ಹೊತ್ತಿದ್ದ ಟಿ. ಎನ್. ಬಾಲಕೃಷ್ಣ ಅವರಿಗೆ ನಾವು ಬೇರೊಂದು ಪದವನ್ನು ಹುಡುಕಿದಂತೆಯೇ ಕಾಣುವುದಿಲ್ಲ; ‘ಬಾಲಣ್ಣ’ ಎಂದರೆ ಸಾಕಾಗಿತ್ತು. ‘ಪಾತ್ರಹಾಸ್ಯಗಾರ’ ಎಂದು ಹೊಸದಾಗಿ ಟಂಕಿಸಬಹುದು, ಆದರೆ ಅದಕ್ಕೆ ಪರಿಭಾಷಾ ಸಮಿತಿಯ ವಾಸನೆ ಹೊಡೆಯುತ್ತದೆ.

ನನ್ನ ಒಲವು ಯಕ್ಷಗಾನದ ‘ಹಾಸ್ಯಗಾರ’ ಎಂಬ ಪದದ ಕಡೆಗೆ. ದೂತ, ಚಾರಕ, ಪುರೋಹಿತ ಹೀಗೆ ಒಂದೇ ರಾತ್ರಿ ಹಲವು ಸಣ್ಣ ವೇಷಗಳಲ್ಲಿ ಬಂದು, ರಾಜನೆದುರು ನಿಂತು ಮಾತಿನಿಂದಲೇ ಪ್ರಸಂಗವನ್ನು ತಿರುಗಿಸುವ ಹಾಸ್ಯಗಾರನ ಹೊಣೆಗೂ ಲಿಂಗೆನ್ ಅವರ ಸೇವಕ ಪಾತ್ರಗಳಿಗೂ ಹತ್ತಿರದ ನಂಟಿದೆ. ಆದರೆ ಅದು ಮೇಳದಲ್ಲಿ ಒಂದು ಸ್ಥಾನದ ಹೆಸರೂ ಹೌದು. ಘಟ್ಟದ ಮೇಲಿನ ಓದುಗರಿಗೆ ಬರೀ ‘ನಗಿಸುವವನು’ ಎಂದಷ್ಟೇ ಕೇಳಿಸೀತೇ? ವೃತ್ತಿ ನಾಟಕ ಕಂಪನಿಗಳಲ್ಲಿ ಇಂಥ ನಟನಿಗೆ ಬೇರೆ ಹೆಸರಿತ್ತೇ? ‘ಶಾರ್ಜೀರೆನ್’ ಕ್ರಿಯಾಪದಕ್ಕೆ ‘ಅತಿನಟನೆ’ಗಿಂತ ಬಳಕೆಯ ಮಾತೇನಾದರೂ ಇದ್ದರೆ ಅದನ್ನೂ ಬಲ್ಲವರು ಪ್ರಯೋಗದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.