ಪದ ಬೇಕು: ಬೇಸ್‌ಬಾಲಿನ ‘ಡೆಸಿಗ್ನೇಟೆಡ್ ಹಿಟ್ಟರ್’ಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರದೊಳಗೆ)

ಸಿಯಾಟಲ್‌ನಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ಊರಿಂದ ಬಂದಿರುವ ಅಪ್ಪ ಅಮ್ಮಂದಿರನ್ನೆಲ್ಲ ಸೇರಿಸಿ ಈ ಶನಿವಾರ ಟಿ-ಮೊಬೈಲ್ ಪಾರ್ಕಿಗೆ ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋಗುತ್ತಿದ್ದೇವೆ. ಅವರ ಕೈಗೆ ಕೊಡಲು ಎರಡು ಪುಟದ ಕನ್ನಡ ಪತ್ರಿಕೆ ಮಾಡುತ್ತಿದ್ದೇನೆ. ಗುರುವಾರ ರಾತ್ರಿ ಪ್ರಿಂಟಿಗೆ ಹೋಗಬೇಕು.

ಎಲ್ಲರಿಗೂ ಕ್ರಿಕೆಟ್ ಗೊತ್ತು. ಹಾಗಾಗಿ ರನ್, ಔಟ್, ಕ್ಯಾಚ್ ಹಾಗೇ ಬಿಟ್ಟಿದ್ದೇನೆ. ‘ಪಿಚರ್’ ಅಂತ ಬರೆದರೆ ಸಿನಿಮಾ ಅಂದುಕೊಳ್ಳುತ್ತಾರೆ, ಅದಕ್ಕೆ ‘ಎಸೆತಗಾರ’ ಹಾಕಿದೆ. ಸಿಕ್ಕಿಹಾಕಿಕೊಂಡಿರುವುದು ಡೆಸಿಗ್ನೇಟೆಡ್ ಹಿಟ್ಟರ್ (ಚಿಕ್ಕದಾಗಿ ಡಿ.ಎಚ್.) ಹತ್ತಿರ. ಎಸೆತಗಾರ ಬ್ಯಾಟ್ ಹಿಡಿಯುವುದಿಲ್ಲ. ಅವನ ಜಾಗದಲ್ಲಿ ಬ್ಯಾಟಿಂಗಿಗೆ ಅಂತಲೇ ಇನ್ನೊಬ್ಬ ಇರುತ್ತಾನೆ. ಆ ಇನ್ನೊಬ್ಬ ಫೀಲ್ಡಿಂಗಿಗೆ ಇಳಿಯುವುದಿಲ್ಲ. ಬೇರೆ ಊರಾಗಿದ್ದರೆ ಈ ಪದ ಹಾರಿಸಿಬಿಡುತ್ತಿದ್ದೆ. ಆದರೆ ಇಲ್ಲಿ ಮೈದಾನದ ಪಕ್ಕದ ರಸ್ತೆಗೇ ಎಡ್ಗರ್ ಮಾರ್ಟಿನೆಜ್ ಹೆಸರಿಟ್ಟಿದ್ದಾರೆ. ಅವರು ಆಟದ ಬಹುಪಾಲು ವರ್ಷ ಈ ಕೆಲಸವನ್ನೇ ಮಾಡಿ, 2019ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದವರು.

ಸದ್ಯಕ್ಕೆ ‘ನಿಯೋಜಿತ ಹೊಡೆತಗಾರ’ ಅಂತ ಬರೆದಿದ್ದೇನೆ. ನಡೆಯುತ್ತಾ?

ಧಾರವಾಡದಿಂದ:

ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. ಬೇಡ.

‘ಹೊಡೆಯಾಳು’ ಅನ್ನಿ. ಎರಡೂ ಅಚ್ಚಗನ್ನಡ. ಯಕಾರ ತಾನಾಗಿ ಬರುತ್ತದೆ.

ಬೆಂಗಳೂರಿನಿಂದ:

ಧಾರವಾಡದವರೇ, ನಾನು ಅದನ್ನು ‘ಹೊಡೆದಾಳು’ ಅಂತ ಓದಿ, ಯಾರು ಯಾರಿಗೆ ಹೊಡೆದಾಳು ಅಂತ ಗಾಬರಿಯಾದೆ. ಪತ್ರಿಕೆಯಲ್ಲಿ ಕ್ರೀಡಾಪುಟ ಕಟ್ಟುವವನಾಗಿ ಹೇಳುತ್ತೇನೆ, ತಲೆಬರಹದಲ್ಲಿ ಇಂಥ ಪದ ಹಾಕಿದರೆ ಮಾರನೆಯ ದಿನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತೆ.

‘ನಿಯೋಜಿತ’ಕ್ಕೂ ನನ್ನ ತಕರಾರಿದೆ, ಕಾರಣ ಬೇರೆ. ‘ನಿಯೋಜಿತ ಮುಖ್ಯಮಂತ್ರಿ’ ಅಂತ ಬರೆಯುವುದು ಆಯ್ಕೆಯಾಗಿ ಇನ್ನೂ ಪ್ರಮಾಣವಚನ ತೆಗೆದುಕೊಳ್ಳದವರಿಗೆ. ಇಲ್ಲಿ ಆ ಮನುಷ್ಯ ಬ್ಯಾಟ್ ಹಿಡಿದು ನಿಂತೇ ಇದ್ದಾನೆ, ಅಲ್ವಾ? ‘ಮೀಸಲು ಬ್ಯಾಟರ್’ ಕೂಡ ಆಗುವುದಿಲ್ಲ. ನಮ್ಮಲ್ಲಿ ಮೀಸಲು ಆಟಗಾರ ಅಂದರೆ ಬೆಂಚಿನ ಮೇಲೆ ಕೂತವನು.

ಸುಮ್ನೆ ‘ಬದಲಿ ಬ್ಯಾಟರ್’ ಅಂತ ಹಾಕಿ. ಐಪಿಎಲ್‌ನಲ್ಲಿ 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ನೋಡಿ ಎಲ್ಲರಿಗೂ ಅಭ್ಯಾಸವಾಗಿದೆ.

ಮೈಸೂರಿನಿಂದ:

ಧಾರವಾಡದವರು ಅರಿಸಮಾಸದ ಪಾಠವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಬಿರುದಾವಳಿಗೆ ಆ ದೋಷ ಅಂಟುವುದಿಲ್ಲ. ಇದು ಬಿರುದಲ್ಲದೆ ಮತ್ತೇನು?

ಆದರೆ ನನಗೆ ಪದಕ್ಕಿಂತ ನಿಯಮದ ಮೇಲೇ ಸಿಟ್ಟು. ಹನ್ನೊಂದು ಜನ ಆಡಿದರೆ ಹನ್ನೊಂದು ಜನವೂ ಬ್ಯಾಟ್ ಹಿಡಿಯಬೇಕು. ನಮ್ಮೂರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್ ಆಡಿ ತೆಗೆದದ್ದು 242 ವಿಕೆಟ್, ಹೊಡೆದದ್ದು 167 ರನ್. ವಿಕೆಟ್ಟಿಗಿಂತ ರನ್ ಕಡಿಮೆ! ಹಾಗಂತ ಅವರ ಬದಲು ಇನ್ಯಾರನ್ನೋ ಕಳಿಸಿದ್ದರೆ ಆ ಆಟದ ಸೊಗಸು ಎಲ್ಲಿರುತ್ತಿತ್ತು? ಅವರು ಪೆವಿಲಿಯನ್ನಿನಿಂದ ಇಳಿದು ಬಂದರೆ ಸಾಕು, ಮೈದಾನವೆಲ್ಲ ಎದ್ದು ಕೂರುತ್ತಿತ್ತು. ಕುಂಬ್ಳೆ ಓವಲ್‌ನಲ್ಲಿ ಔಟಾಗದೆ 110 ಹೊಡೆದದ್ದು 2007ರಲ್ಲಿ, ತಮ್ಮ 118ನೇ ಟೆಸ್ಟಿನಲ್ಲಿ. ಆ ಸರಣಿಯಲ್ಲಿ ನಮ್ಮವರು ಬಾರಿಸಿದ ಒಂದೇ ಒಂದು ಶತಕ ಅದು. ಸಚಿನ್, ದ್ರಾವಿಡ್, ಗಂಗೂಲಿ ಎಲ್ಲ ತಂಡದಲ್ಲಿದ್ದರು ಸ್ವಾಮಿ. ಬೌಲರ್ ಬ್ಯಾಟ್ ಮಾಡಕೂಡದು ಅಂದಿದ್ದರೆ ಅದು ಆಗುತ್ತಿತ್ತೇ?

ಫೀಲ್ಡಿಂಗಿಗೆ ಬಾರದೆ ಬರೀ ಬ್ಯಾಟಿಂಗಿಗೆ ಬರುವವನು, ಹಂದರ ಕಟ್ಟುವಾಗ ಕಾಣದೆ ಊಟದ ಪಂಕ್ತಿಗೆ ಸರಿಯಾಗಿ ಹಾಜರಾಗುವ ನೆಂಟ. ಅವನಿಗೆ ಕನ್ನಡದಲ್ಲಿ ಹೆಸರು ಬೇರೆ ಕೇಡು.

ಸಿಯಾಟಲ್‌ನಿಂದ:

ಮೇಷ್ಟ್ರೇ, ನಿಮ್ಮ ಮಾತನ್ನೇ ಹೇಳುವವರು ಇಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರ ಕುಂಬ್ಳೆ ಅಂದರೆ ಬಾರ್ಟೊಲೊ ಕೊಲೊನ್. ದಪ್ಪನೆಯ ಎಸೆತಗಾರ. ಬ್ಯಾಟ್ ಬೀಸಿದರೆ ತಲೆ ಮೇಲಿನ ಹೆಲ್ಮೆಟ್ ಕಳಚಿ ಬೀಳುತ್ತಿತ್ತು. 2016ರ ಮೇ ತಿಂಗಳಲ್ಲಿ, 43 ತುಂಬಲು ಇನ್ನೇನು ಸ್ವಲ್ಪ ದಿನ ಇರುವಾಗ, ಸ್ಯಾನ್ ಡಿಯಾಗೊದಲ್ಲಿ ಜೀವನದ ಮೊದಲ ಹೋಂ ರನ್ (ನಮ್ಮ ಸಿಕ್ಸರ್ ಥರ) ಹೊಡೆದರು. ಅಷ್ಟು ವಯಸ್ಸಿನಲ್ಲಿ ಮೊದಲ ಹೋಂ ರನ್ ಹೊಡೆದವರು ಇನ್ಯಾರೂ ಇಲ್ಲ. ಆ ವಿಡಿಯೊ ಹಾಕಿಕೊಂಡು ಇವತ್ತಿಗೂ ಜಗಳ ಆಡುತ್ತಾರೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಎಸೆತಗಾರರು ಮಾಮೂಲಿಯಾಗಿ ಬ್ಯಾಟ್ ಮಾಡಿದ ಕೊನೆಯ ವರ್ಷ 2021. ಆ ವರ್ಷ ಅವರ ಸರಾಸರಿ .110. ಅಂದರೆ ಲೆಕ್ಕಕ್ಕೆ ಬರುವ 100 ಸರದಿಗೆ 11 ಹಿಟ್, ಚೆಂಡು ಹೊಡೆದು ಔಟಾಗದೆ ಬೇಸ್ ಸೇರಿದ್ದು ಅಷ್ಟೇ ಸಲ. (ಬೇಸ್ ಅಂದರೆ ರನ್ನಿಗಾಗಿ ಓಡುವಾಗ ಒಂದೊಂದಾಗಿ ಮುಟ್ಟಬೇಕಾದ ನಿಲುಗಡೆ.) ಉಳಿದ ಸಲ ಜನ ಎದ್ದು ತಿಂಡಿ ತರಲು ಹೋಗುತ್ತಿದ್ದರು. ಪೆಟ್ಟಿನ ಭಯ ಬೇರೆ. ಆಡಮ್ ವೇನ್‌ರೈಟ್ 2015ರಲ್ಲಿ ಬ್ಯಾಟ್ ಮಾಡಿ ಓಡಲು ಹೊರಟಾಗ ಹಿಮ್ಮಡಿಯ ನರ ಹರಿದುಕೊಂಡು ತಿಂಗಳುಗಟ್ಟಲೆ ಕೂತರು. ತಂಡ ಅವರಿಗೆ ಸಂಬಳ ಕೊಡುತ್ತಿದ್ದದ್ದು ಎಸೆಯಲಿಕ್ಕೆ. ನಮ್ಮ ಚಂದ್ರಶೇಖರ್ ಇಡೀ ಇನ್ನಿಂಗ್ಸಿಗೆ ಒಮ್ಮೆ ಬಂದು ಹೋಗುತ್ತಿದ್ದರು. ಇಲ್ಲಿ ಒಂಬತ್ತು ಜನರ ಸರದಿ ಸುತ್ತುತ್ತಲೇ ಇರುತ್ತೆ, ಆಟದ ನಡುವೆ ಮತ್ತೆ ಮತ್ತೆ ಅದೇ ತೂತು. ಹಾಗಾಗಿ ನನ್ನ ವೋಟು ಡಿ.ಎಚ್.ಗೇ.

ಬೆಂಗಳೂರಿನವರಿಗೆ: ‘ಬದಲಿ’ ಆಗುವುದಿಲ್ಲ. ಇಂಪ್ಯಾಕ್ಟ್ ಪ್ಲೇಯರ್ ಬಂದರೆ ಒಬ್ಬ ಹೊರಗೆ ಹೋಗುತ್ತಾನೆ, ಮತ್ತೆ ಬರುವ ಹಾಗಿಲ್ಲ. ಇಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಮೊದಲ ಎಸೆತದಿಂದಲೇ ಹತ್ತು ಜನ, ಕೆಲಸ ಹಂಚಿಕೊಂಡಿದ್ದಾರೆ ಅಷ್ಟೆ. ಇನ್ನು ಶೋಹೇ ಒಹ್ತಾನಿ ಇದ್ದಾರೆ. ಎಸೆಯುವುದೂ ಅವರೇ, ಡಿ.ಎಚ್. ಕೂಡ ಅವರೇ. ಎಸೆತ ಮುಗಿಸಿ ಕೆಳಗಿಳಿದ ಮೇಲೂ ಬ್ಯಾಟಿಂಗ್ ಮುಂದುವರಿಸಬಹುದು ಅಂತ 2022ರಲ್ಲಿ ನಿಯಮವನ್ನೇ ತಿದ್ದಿದರು. ‘ಬದಲಿ’ ಅಂದರೆ ಅವರು ಯಾರಿಗೆ ಬದಲಿ? ತಮಗೆ ತಾವೇನಾ?

ಶಿವಮೊಗ್ಗದಿಂದ:

ಇಷ್ಟು ಹೊತ್ತಾದರೂ ಯಾರ ಬಾಯಲ್ಲೂ ‘ದಾಂಡಿಗ’ ಬರಲಿಲ್ಲವಲ್ಲ! ನಮ್ಮ ಕಾಲದ ಪೇಪರಿನಲ್ಲೆಲ್ಲ ಅದೇ ಇತ್ತು. ಚಿನ್ನಿದಾಂಡಿನ ದಾಂಡು. ‘ದಾಂಡಿಗನ ಹಾಗೆ ಬೆಳೆದಿದ್ದಾನೆ’ ಅಂತಲೂ ಅನ್ನುತ್ತೇವೆ. ಹೆಸರಾಂತ ಡಿ.ಎಚ್. ಡೇವಿಡ್ ಆರ್ಟಿಜ್ ಫೋಟೊ ನೋಡಿ. ಆಳು ದಾಂಡಿಗ, ಕೆಲಸವೂ ದಾಂಡಿಗನದೇ. ಎಸೆತಗಾರನಿಗೆ ಅಂತ ಗೊತ್ತುಮಾಡಿದ ದಾಂಡಿಗ. ಮುಗಿಯಿತು.

ಧಾರವಾಡದಿಂದ:

ದಾಂಡು ಬಂದದ್ದು ದಂಡದಿಂದ. ಸಂಸ್ಕೃತ.

ಶಿವಮೊಗ್ಗದಿಂದ:

ದಂಡವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿದ್ದು ಅನ್ನುವವರೂ ಇದ್ದಾರೆ. ನಿಮ್ಮ ‘ಆಳು’ ಮಾತ್ರ ಆಕಾಶದಿಂದ ಉದುರಿತೇ?

ಒಸಾಕಾದಿಂದ:

ಜಗಳದ ಮಧ್ಯೆ ಒಂದು ಮಾಹಿತಿ. ಜಪಾನಿಯಲ್ಲಿ ಇದಕ್ಕೆ ‘ಶಿಮೇ ದಾಶಾ’ ಅನ್ನುತ್ತಾರೆ. ಶಿಮೇ ಅಂದರೆ ಹೆಸರು ಹೇಳಿ ಆರಿಸುವುದು, ದಾಶಾ ಅಂದರೆ ಹೊಡೆಯುವವನು. ಬೇಸ್‌ಬಾಲಿಗೇ ಅವರದು ‘ಯಾಕ್ಯೂ’ ಅಂತ ಸ್ವಂತ ಪದ. ಯುದ್ಧದ ಕಾಲದಲ್ಲಿ ಇಂಗ್ಲಿಷ್ ಬೇಡ ಅಂತ, ಅಂಪೈರ್ ಕೂಗುವ ‘ಸ್ಟ್ರೈಕ್’ಗೆ ‘ಯೋಶಿ’ ಅನ್ನಿಸಿದರು. ಯುದ್ಧ ಮುಗಿಯಿತು, ‘ಸುತೊರೈಕು’ ವಾಪಸ್ ಬಂತು. ದಾಶಾ ಉಳಿಯಿತು. ಪತ್ರಿಕೆಯವರು ಬರೆಯುವಾಗ ಡಿ.ಎಚ್. ಅಂತಲೂ ಬರೆಯುತ್ತಾರೆ, ಯಾರಿಗೂ ಹೊಟ್ಟೆನೋವಿಲ್ಲ.

ನಿಯಮದ ಜಗಳ ಇಲ್ಲೂ ಮುಗಿದಿಲ್ಲ. ಪೆಸಿಫಿಕ್ ಲೀಗಿನಲ್ಲಿ 1975ರಿಂದಲೇ ಡಿ.ಎಚ್. ಇದೆ. ನಮ್ಮ ಕಡೆಯ ಹಾನ್‌ಶಿನ್ ಟೈಗರ್ಸ್ ಇರುವ ಸೆಂಟ್ರಲ್ ಲೀಗ್ ಮಾತ್ರ ಹಟ ಹಿಡಿದು ಕೂತಿತ್ತು. ಈಗ ಅವರೂ 2027ರಿಂದ ತರುವುದಾಗಿ ಹೇಳಿದ್ದಾರೆ.

ಶಿವಮೊಗ್ಗದಿಂದ:

ದಾಶಾ! ದಾಂಡು! ಜಪಾನಿಗೂ ದ್ರಾವಿಡಕ್ಕೂ ನಂಟಿದೆ ಅಂತ ನಾನು ಈ ಗುಂಪಿನಲ್ಲಿ ಹೇಳುತ್ತಲೇ ಬಂದಿದ್ದೇನೆ. ಇನ್ನೇನು ಸಾಕ್ಷಿ ಬೇಕು?

ಒಸಾಕಾದಿಂದ:

ಅದು ಚೀನೀ ಅಕ್ಷರದ ಓದು. ದಾಂಡಿಗೂ ಅದಕ್ಕೂ ಸಂಬಂಧವಿಲ್ಲ.

ಬೆಂಗಳೂರಿನಿಂದ:

ಒಹ್ತಾನಿ ವಿಷಯ ಒಪ್ಪಿದೆ, ‘ಬದಲಿ’ ಬಿಟ್ಟೆ. ಆದರೆ ‘ಗೊತ್ತುಮಾಡಿದ ದಾಂಡಿಗ’ ಅಂದರೆ ಯಾವುದೋ ಮದುವೆಗೆ ಹುಡುಗನನ್ನು ಗೊತ್ತುಮಾಡಿದ ಹಾಗಿದೆ.

ಇನ್ನೊಂದು ಮಾತು. ‘ದಾಂಡಿಗ’ ಪೇಪರಿನಲ್ಲಿ ಇತ್ತು, ನಿಜ. ಟೀ ಅಂಗಡಿಯಲ್ಲಿ ಯಾರಾದರೂ ಅಂದದ್ದು ಕೇಳಿದ್ದೀರಾ? ‘ಹುದ್ದರಿ’ಯೂ ಬಂತು, ನಾವೇ ಅಚ್ಚುಹಾಕಿದೆವು, ಓದುಗರು ಓದುತ್ತಾ ಮನಸ್ಸಿನಲ್ಲೇ ವಿಕೆಟ್ ಅಂದುಕೊಂಡರು. ಆಟದ ಜೊತೆ ಬಂದ ಪದ ಆಟದ ಜೊತೆಗೇ ಇರಲಿ. ಬ್ಯಾಟು, ಬಾಲು, ಬ್ಯಾಟರ್ ಕನ್ನಡವೇ ಈಗ.

ಧಾರವಾಡದಿಂದ:

ಸೋತವರ ವಾದ ಇದು. ಪೇಪರಿನವರೇ ಕೈಬಿಟ್ಟರೆ ಟೀ ಅಂಗಡಿಯವರು ಹೇಗೆ ಹಿಡಿದಾರು? ಪದ ಸಾಯುವುದಿಲ್ಲ, ನಿಮ್ಮಂಥವರು ಸಾಯಿಸುತ್ತೀರಿ. ‘ಓಟ’ ಇತ್ತು, ‘ರನ್’ ಮಾಡಿದಿರಿ. ನಾಳೆ ಕ್ರಿಯಾಪದವನ್ನೂ ಇಂಗ್ಲಿಷಿನಲ್ಲೇ ಬರೆಯಿರಿ, ಪ್ರತ್ಯಯವೊಂದು ಉಳಿಯಲಿ.

ಮೈಸೂರಿನಿಂದ:

ಇಬ್ಬರೂ ಸ್ವಲ್ಪ ತಣ್ಣಗಾಗಿ. ಸಿಯಾಟಲಿನವರಿಗೆ ಒಂದು ಪ್ರಶ್ನೆ: ಈ ನಿಯಮ ಶುರುವಾದದ್ದು ಹೇಗೆ? ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತು?

ಸಿಯಾಟಲ್‌ನಿಂದ:

ಕೋನಿ ಮ್ಯಾಕ್ ಅನ್ನುವವರು 1906ರಲ್ಲೇ ಹೇಳಿದ್ದರು, ಯಾರೂ ಕೇಳಲಿಲ್ಲ. ಇಲ್ಲಿನ ದೊಡ್ಡ ತಂಡಗಳು ಎರಡು ಲೀಗುಗಳಲ್ಲಿ ಹಂಚಿಹೋಗಿವೆ. ಅದರಲ್ಲಿ ಅಮೆರಿಕನ್ ಲೀಗಿನಲ್ಲಿ ರನ್ ಬತ್ತಿ, ಮೈದಾನಕ್ಕೆ ಜನ ಬರುವುದು ಕಡಿಮೆಯಾದ ಮೇಲೆ 1973ರಲ್ಲಿ ತಂದರು. ಇನ್ನೊಂದು, ನ್ಯಾಷನಲ್ ಲೀಗ್, 2022ರವರೆಗೂ ಸೆಟೆದು ನಿಂತಿತ್ತು. ನಡುವೆ ಕೊರೊನಾದ 2020 ಒಂದು ವರ್ಷ ಮಾತ್ರ ಒಪ್ಪಿತ್ತು.

ಅಮೆರಿಕನ್ ಲೀಗಿನ ಮೊದಲ ಡಿ.ಎಚ್. ಯಾಂಕೀಸ್ ತಂಡದ ರಾನ್ ಬ್ಲೂಮ್‌ಬರ್ಗ್. 1973ರ ಏಪ್ರಿಲ್ 6, ಬಾಸ್ಟನ್ನಿನ ಫೆನ್ವೇ ಪಾರ್ಕ್. ಮೂರೂ ಬೇಸಿನಲ್ಲಿ ತಂಡದವರು ನಿಂತಿದ್ದಾರೆ. ಲೂಯಿಸ್ ಟಿಯಾಂಟ್ ಎಸೆದ ನಾಲ್ಕು ಚೆಂಡು ಹೊಡೆಯುವ ಅಳತೆಯ ಆಚೆ ಬಂದವು. ಹಾಗಾದರೆ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟಿ. ಬ್ಲೂಮ್‌ಬರ್ಗ್ ಅಲ್ಲಿಗೆ ಆರಾಮಾಗಿ ನಡೆದು ಹೋದರು, ಉಳಿದವರು ಒಂದೊಂದು ಬೇಸ್ ಮುಂದೆ ಸರಿದು ಒಂದು ರನ್ ಬಂತು. ಆ ಬ್ಯಾಟು ಹಾಲ್ ಆಫ್ ಫೇಮಿಗೆ ಹೋಯಿತು. ಅಂದರೆ ಲೀಗಿನ ಮೊದಲ ‘ಹೊಡೆತಗಾರ’ ಮೊದಲ ಸರದಿಯಲ್ಲಿ ಹೊಡೆಯಲೇ ಇಲ್ಲ. ಇದನ್ನು ಬರೆಯುತ್ತಿದ್ದ ಹಾಗೆ ನನ್ನ ಪದದ ಮೇಲೆ ನನಗೇ ನಂಬಿಕೆ ಹೋಯಿತು. ‘ಹೊಡೆಯಾಳು’ ಕೂಡ ಅದೇ ಲೆಕ್ಕದಲ್ಲಿ ಬಿತ್ತು. ಧಾರವಾಡದವರು ಬೇಜಾರು ಮಾಡಿಕೊಳ್ಳಬಾರದು.

ಪತ್ರಿಕೆಗೆ ಹೀಗೆ ಹಾಕುತ್ತಿದ್ದೇನೆ: ‘ಡಿ.ಎಚ್. — ಬ್ಯಾಟಿಂಗಿಗಷ್ಟೇ ಇರುವವರು. ಎಸೆತಗಾರನ ಸರದಿ ಇವರದು.’ ಸ್ಕೋರ್‌ಬೋರ್ಡಿನ ಮೇಲೆ ಡಿ.ಎಚ್. ಅಂತಲೇ ಕಾಣುತ್ತೆ, ಅಮ್ಮಂದಿರು ಹೊಂದಿಸಿ ನೋಡಿಕೊಳ್ಳುತ್ತಾರೆ. ಮಾರ್ಟಿನೆಜ್ ಫೋಟೊದ ಕೆಳಗೆ ಮಾತ್ರ ‘ದಾಂಡಿಗ’ ಇಟ್ಟಿದ್ದೇನೆ, ಚೆನ್ನಾಗಿ ಕೂರುತ್ತೆ.

ಧಾರವಾಡದಿಂದ:

ಪದ ಕೇಳಿದಿರಿ, ವಾಕ್ಯ ಮಾಡಿಕೊಂಡು ಹೋಗುತ್ತಿದ್ದೀರಿ. ಹಾಗಾದರೆ ಕೇಳಿದ್ದೇಕೆ?

ಸಿಯಾಟಲ್‌ನಿಂದ:

ಬೈಯಬೇಡಿ ಸಾರ್, ಇನ್ನೊಂದು ಉಳಿದಿದೆ. ಎಸೆತಗಾರರು ಬ್ಯಾಟ್ ಮಾಡುತ್ತಿದ್ದಾಗ ಜಾಸ್ತಿ ಮಾಡುತ್ತಿದ್ದ ಕೆಲಸ ‘ಬಂಟ್’. ಬ್ಯಾಟ್ ಬೀಸದೆ ಅಡ್ಡ ಹಿಡಿದು, ಚೆಂಡನ್ನು ಹತ್ತಿರದಲ್ಲೇ ಮೆಲ್ಲಗೆ ಬೀಳಿಸುವುದು. ತಾನು ಔಟಾದರೂ ಬೇಸಿನಲ್ಲಿರುವವನು ಮುಂದೆ ಹೋಗಲಿ ಅಂತ. ಇದಕ್ಕೇನನ್ನೋಣ?

ಮಂಗಳೂರಿನಿಂದ:

ದಯವಿಟ್ಟು ‘ಬಂಟ್’ ಅಂತ ಮಾತ್ರ ಬರೆಯಬೇಡಿ. ನಮ್ಮ ಮಾವನವರು ಬಂಟರು, ಶನಿವಾರ ಆಟ ನೋಡಲು ಬರುವ ಗುಂಪಿನಲ್ಲಿದ್ದಾರೆ. ‘ಬಂಟ್ ಮಾಡಿ ಔಟಾದ’ ಅಂತ ಓದಿದರೆ ಊರಿಗೆ ಫೋನ್ ಮಾಡುತ್ತಾರೆ.

ಧಾರವಾಡದಿಂದ:

ತಟ್ಟು. ಎರಡೇ ಅಕ್ಷರ. ಚರ್ಚೆ ಬೇಡ.

ಶಿವಮೊಗ್ಗದಿಂದ:

ತಟ್ಟುವುದು ರೊಟ್ಟಿಯನ್ನು. ಇದು ‘ತಾಗಿಸು’. ಮೂಲ ಹೇಳುತ್ತೇನೆ, ಸ್ವಲ್ಪ ತಡೆಯಿರಿ.