ಸಹಾಯ ಬೇಕು: ಕರುಳಿನ ಉರಿಯೂತದ ಜೊತೆಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಆರು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತವಾಗಿ ಹುಣ್ಣಾಗುವ ಕಾಯಿಲೆ) ಇದೆ. ಕಳೆದ ತಿಂಗಳು ಕಾಯಿಲೆ ಉಲ್ಬಣಿಸಿ, ರಕ್ತಭೇದಿಯಿಂದ ಹಾಸಿಗೆ ಹಿಡಿದಿದ್ದಳು. ಒಂದು ಸಂಜೆ ಕಾಲುಚೀಲ ಬಿಚ್ಚಿದಾಗ ಎಡಗಾಲಿನಲ್ಲಿ ಮಾತ್ರ ಅದರ ಅಚ್ಚು ಆಳವಾಗಿ ಮೂಡಿತ್ತು. ಟೇಪಿನಿಂದ ಅಳೆದರೆ ಮೀನಖಂಡ ಬಲಗಾಲಿಗಿಂತ 4 ಸೆಂಟಿಮೀಟರ್ ದಪ್ಪ. ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಆಳದ ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟಿರುವುದು ಕಂಡಿತು.

ಅಷ್ಟೊಂದು ರಕ್ತ ಹೋಗುತ್ತಿರುವವಳಿಗೆ ಹೆಪ್ಪುಗಟ್ಟುವುದು ಹೇಗೆ ಎಂದು ನಾವು ಕಂಗಾಲಾದೆವು. ಉರಿಯೂತವೇ ರಕ್ತವನ್ನು ಹೆಪ್ಪುಗಟ್ಟುವಂತೆ ಮಾಡುತ್ತದೆ, ಈ ಕಾಯಿಲೆಯವರಿಗೆ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು, ಉಲ್ಬಣಿಸಿದಾಗ ಇನ್ನೂ ಹೆಚ್ಚು ಎಂದು ವೈದ್ಯರು ವಿವರಿಸಿದರು. ನಿರ್ಜಲೀಕರಣ, ಸ್ಟೀರಾಯ್ಡ್, ಮಲಗಿಯೇ ಇದ್ದದ್ದು ಎಲ್ಲವೂ ಸೇರಿಕೊಂಡವಂತೆ. ಆರು ವರ್ಷಗಳಲ್ಲಿ ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ; ಅದೇ ನನ್ನ ಸಂಕಟ.

ಈಗ ಹೆಪ್ಪುಗಟ್ಟುವಿಕೆ ತಡೆಯುವ ಮಾತ್ರೆ ನಡೆಯುತ್ತಿದೆ, ಕನಿಷ್ಠ 3 ತಿಂಗಳು ಎಂದಿದ್ದಾರೆ. ಇದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ: ಆಮೇಲೆ ಮಾತ್ರೆ ನಿಲ್ಲಿಸಿದರೇ, ಮುಂದುವರಿಸಿದರೇ? ಮಾತ್ರೆಯಿಂದ ಭೇದಿಯಲ್ಲಿ ರಕ್ತ ಹೆಚ್ಚಾಯಿತೇ? ಕಾಯಿಲೆ ಮರುಕಳಿಸಿದಾಗ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಚುಚ್ಚುಮದ್ದನ್ನು ಮನೆಯಲ್ಲೇ ತೆಗೆದುಕೊಂಡವರಿದ್ದೀರಾ? ಮುಂದಿನ ವಾರದ ಭೇಟಿಯಲ್ಲಿ ವೈದ್ಯರನ್ನು ಏನೇನು ಕೇಳಬೇಕೆಂದು ಬರೆದುಕೊಳ್ಳುತ್ತಿದ್ದೇನೆ.

ಇದೇ ಕಾಯಿಲೆ ಇರುವವರಲ್ಲಿ ಒಂದು ವಿನಂತಿ: ಒಂದೇ ಕಾಲು ಊದಿದರೆ, ಇದ್ದಕ್ಕಿದ್ದಂತೆ ಏದುಸಿರು ಅಥವಾ ಎದೆನೋವು ಬಂದರೆ, ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.